ಅಮ್ಮ ಡಾಕ್ಟರ ಹತ್ತಿರ ಯಾಕೆ ಹೋಗುವುದಿಲ್ಲ?

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಓದಿದೆ. "ಮಣಿಪಾಲ ಪಕ್ಕದಲ್ಲೇ ಇದ್ದರೂ ಅಮ್ಮ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗುತ್ತಾರೆ, ಇದೆಂಥ ಹಟ?" ಎಂದು ಕೇಳಿದ್ದೀಯ. ಅಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ. ನಮ್ಮೂರಿಗೆ ಡಾಕ್ಟರ ಬರ ಇಲ್ಲ, ನಿಜ. ಆದರೆ ಇದು ಹಟ ಅಲ್ಲ ಮಾರಾಯ.

ಅಮ್ಮನಂತೆ ಮೀನು ಮಾರುವವರಿಗೆ ಬೆಳಗ್ಗಿನ ಹೊತ್ತೇ ದುಡಿಮೆ. ಆಸ್ಪತ್ರೆಗೂ ಆಗಲೇ ಹೋಗಬೇಕು. ಮಲ್ಪೆಯಿಂದ ಬಸ್ಸು, ಅಲ್ಲಿ ಟೋಕನ್, ಸಾಲು. ರಕ್ತ ಪರೀಕ್ಷೆ, ಎಕ್ಸ್‌ರೇ ಅಂತ ಬರೆದರೆ ಮಧ್ಯಾಹ್ನ ಕಳೆಯುತ್ತದೆ. ಮೆಡಿಕಲ್‌ನಲ್ಲಿ ಎರಡೇ ನಿಮಿಷ. ಅಂಗಡಿಯವರು ಪರಿಚಯದವರು, ಗಂಟುನೋವು ಹೇಗಿದೆ ಎಂದು ವಿಚಾರಿಸುತ್ತಾರೆ. ಅದಕ್ಕಿಂತ ದೊಡ್ಡದು ಹೆದರಿಕೆ. "ಹೋದರೆ ಏನಾದರೂ ಹೇಳಿಬಿಟ್ಟರೆ? ಮಗನಿಗೆ ಸುಮ್ನೆ ಖರ್ಚು" ಎಂದು ಅಮ್ಮ ನನ್ನ ಹತ್ತಿರವೇ ಹೇಳಿದ್ದಾರೆ. ನಿನಗೆ ಹೇಳುವುದಿಲ್ಲ, ಅಷ್ಟೆ.

ಒಂದು ಮಾತು, ಬೇಸರ ಮಾಡಬೇಡ. ನೀನು ದುಬೈಯಿಂದ ತಂದ ನೋವಿನ ಮಾತ್ರೆಯ ಡಬ್ಬ ಈಗ ಇಡೀ ಕೇರಿಯ ಔಷಧಿ. ಸೊಂಟ ಹಿಡಿದವರಿಗೂ ಅದೇ, ಹಲ್ಲುನೋವಿಗೂ ಅದೇ. ಇನ್ನು ಮುಂದೆ ತರಬೇಡ.

ಅಮ್ಮ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ದಿನಾ ನುಂಗಿದರೆ ಬಿ.ಪಿ. ಏರಬಹುದು, ಬಿ.ಪಿ. ಮಾತ್ರೆ ಸರಿಯಾಗಿ ಕೆಲಸ ಮಾಡದೆ ಇರಬಹುದು. ಹೊಟ್ಟೆಯಲ್ಲಿ ಹುಣ್ಣಾಗಬಹುದು. ಕಿಡ್ನಿಗೆ ಪೆಟ್ಟು ಬೀಳುವುದಂತೂ ಮೊದಮೊದಲು ಗೊತ್ತೇ ಆಗುವುದಿಲ್ಲ. ನೋವು ಕಡಿಮೆಯಾಗಿದೆಯಲ್ಲ, ಹಾಗಾಗಿ ಎಲ್ಲ ಸರಿ ಇದೆ ಅಂತ ಅವರು ನಂಬಿದ್ದಾರೆ.

ನನಗೆ ಜಾಸ್ತಿ ಭಯ ಮಳೆಗಾಲದ್ದು. ಡೆಂಗಿ, ಮಲೇರಿಯಾ, ಇಲಿ ಜ್ವರ, ಮೂರೂ ನಮ್ಮ ಕರಾವಳಿಯಲ್ಲಿ ಇವೆ. ಮೂರೂ ಶುರುವಾಗುವುದು ಜ್ವರ, ತಲೆನೋವು, ಮೈಕೈ ನೋವಿನಿಂದಲೇ. ಮೈಕೈ ನೋವು ಅಂತ ಅದೇ ಡಬ್ಬಕ್ಕೆ ಕೈ ಹಾಕಿದರೆ? ಡೆಂಗಿಯಲ್ಲಿ ಆ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅದಕ್ಕೇ ಡಾಕ್ಟರು ಪ್ಯಾರಾಸಿಟಮಾಲ್ ಮಾತ್ರ ಕೊಡುತ್ತಾರೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ಅಪಾಯ ಶುರುವಾಗುವುದೂ ಉಂಟು. ಮಲೇರಿಯಾಕ್ಕಾದರೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಉಚಿತ. ಇದನ್ನು ಅಮ್ಮನಿಗೆ ನಾನು ಹೇಳಿದ್ದೇನೆ, ನೀನೂ ಹೇಳು.

ಇನ್ನು ಆಂಟಿಬಯೋಟಿಕ್. ಶೀತ ಬರುವುದು ವೈರಸ್‌ನಿಂದ, ಅದಕ್ಕೆ ಈ ಮಾತ್ರೆ ಏನೂ ಮಾಡುವುದಿಲ್ಲ. ಆದರೂ ಅಮ್ಮ ಯಾವಾಗಲೋ ಉಳಿದದ್ದನ್ನು ಎತ್ತಿಟ್ಟಿದ್ದಾರೆ. ಕೆಲವು ಆಂಟಿಬಯೋಟಿಕ್‌ಗಳನ್ನು ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು ಪುಸ್ತಕದಲ್ಲಿ ಬರೆದಿಡಬೇಕೆಂದು 2014ರಿಂದ ನಿಯಮ ಇದೆ. ಚೀಟಿ ಕೇಳುವ ಅಂಗಡಿಯವರ ಮೇಲೆ ಜನ ಸಿಟ್ಟಾಗುತ್ತಾರೆ. ನನಗೆ ಅಂಥವರ ಮೇಲೆಯೇ ಗೌರವ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅಮ್ಮನಿಗೂ ಬೆಳಿಗ್ಗೆ ಬಿಡುವು. ಜೂನ್ ಮೊದಲ ವಾರವೇ ನಾನು ಕರೆದುಕೊಂಡು ಹೋಗುತ್ತೇನೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಡಾಕ್ಟರಿಗೆ ತೋರಿಸೋಣ ಅಂತಿದ್ದೇನೆ. ಕಿಡ್ನಿಯ ರಕ್ತ ಪರೀಕ್ಷೆಯನ್ನೂ ಕೇಳುತ್ತೇನೆ. ಅಲ್ಲಿಯವರೆಗೆ ನೀನು ಬೈಯಬೇಡ. ಖರ್ಚಿನ ಚಿಂತೆ ಬೇಡ ಅಂತ ನಿನ್ನ ಬಾಯಿಂದಲೇ ಒಮ್ಮೆ ಹೇಳು. ಅವರಿಗೆ ಬೇಕಾದದ್ದು ಅದು.

ನಿನ್ನ ಗೆಳೆಯ