ಭಾನುವಾರದ ಮನೆ ಭೇಟಿಗೆ ಹೊಸ ಲೀಡರ್

ಎಲ್ಲರ ಗಮನಕ್ಕೆ. ಈ ಭಾನುವಾರದಿಂದ ಕಾಸರಗೋಡಿನ ಬದಿಯಡ್ಕ ಭಾಗದ ಪಾಲಿಯೇಟಿವ್ (ತೀವ್ರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ಮನೆ ಭೇಟಿಯನ್ನು ನಮ್ಮ ತಂಡದ ಅಕ್ಕನೇ ನಡೆಸುತ್ತಾರೆ. ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು ತೊಳೆದು ಡ್ರೆಸ್ಸಿಂಗ್ ಮಾಡುವುದರಲ್ಲಿ ಅವರಷ್ಟು ತಾಳ್ಮೆ ನಮ್ಮಲ್ಲಿ ಯಾರಿಗೂ ಇಲ್ಲ. ಕನ್ನಡ, ತುಳು, ಮಲಯಾಳಂ ಮೂರೂ ಸಲೀಸು. ಟ್ರಾನ್ಸ್ ಮಹಿಳೆ ಅಂತ ಮೊದಲು ಅವರನ್ನು ಅಂಗಳದಲ್ಲೇ ನಿಲ್ಲಿಸಿದ ಮನೆಯವರೇ ಈಗ "ಅಕ್ಕ ಯಾವಾಗ ಬರ್ತಾರೆ?" ಎಂದು ಫೋನ್ ಮಾಡುತ್ತಾರೆ.

ದಯವಿಟ್ಟು ಅವರನ್ನು ಹಳೆಯ ಹೆಸರಿನಿಂದ ಕರೆಯಬೇಡಿ. ಆಪರೇಷನ್ ಬಗ್ಗೆ ಕೇಳಲೇಬೇಡಿ. ತಾನು ಹೆಣ್ಣೆಂದು ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿದೆ. ಕೇರಳ 2015ರಲ್ಲಿ ಟ್ರಾನ್ಸ್‌ಜೆಂಡರ್ ನೀತಿಯನ್ನೂ ತಂದಿದೆ. ನಾವು ಇನ್ನೂ ಹಿಂದೆ ಉಳಿದರೆ ಹೇಗೆ, ಅಲ್ವಾ?

ಬರುವವರು ಶನಿವಾರ ಸಂಜೆಯೊಳಗೆ ಅಕ್ಕನಿಗೇ ತಿಳಿಸಿ. ಗ್ಲೌಸ್, ಹತ್ತಿ, ಬ್ಯಾಂಡೇಜ್ ಎಲ್ಲ ಅವರ ಹತ್ತಿರವೇ ಇವೆ.