ಲಿಂಕನ್ ಪಾರ್ಕಿನ ವಿಷಯ

ಶಿಕಾಗೋ

ಅಮ್ಮನಿಗೆ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ರಮೇಶಣ್ಣನ ಕೈಲಿ ಕಳಿಸಿದ ಚಟ್ನಿಪುಡಿ, ನಿನ್ನ ಪತ್ರ ಎರಡೂ ತಲುಪಿದವು.

"ಏಳು ತಿಂಗಳ ಬಸುರಿ, ದಿನಾ ಸ್ಮಶಾನದಲ್ಲಿ ಓಡಾಡ್ತೀಯಂತೆ" ಎಂದು ಬರೆದಿದ್ದೀಯ. ಪುಟ್ಟಿ ಹೇಳಿರಬೇಕು, ಅಲ್ವಾ? ಓದಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಅಮ್ಮ, ಅದು ಈಗ ಸ್ಮಶಾನ ಅಲ್ಲ, ಲಿಂಕನ್ ಪಾರ್ಕ್. ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಅಲ್ಲಿ ಹೂಳುತ್ತಿದ್ದರು, ನಿಜ. ಕಾಲರಾದಲ್ಲಿ ಸತ್ತವರನ್ನೂ ಹೂಳಿದ್ದರು. ಪಕ್ಕದಲ್ಲೇ ಮಿಷಿಗನ್ ಸರೋವರ, ಊರಿಗೆಲ್ಲ ಕುಡಿಯುವ ನೀರು ಅದರದೇ. ನೀರು ಕೆಡುತ್ತದೆ ಎಂದು ಜಾನ್ ರೌಚ್ ಎಂಬ ಡಾಕ್ಟರು ಪಟ್ಟು ಹಿಡಿದರು. ಹೂಳುವುದು ನಿಂತಿತು, ಗೋರಿಗಳನ್ನು ಬೇರೆ ಕಡೆ ಸಾಗಿಸಿದರು. ನಮ್ಮ ಕೆರೆ ಪಕ್ಕ ಹೀಗೆ ಹೂಳಿದ್ದರೆ ಅಪ್ಪ ಸುಮ್ಮನಿರುತ್ತಿದ್ದರಾ? ಆ ಡಾಕ್ಟರು ಮಾಡಿದ್ದು ಪುಣ್ಯದ ಕೆಲಸ.

ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಎಲ್ಲರನ್ನೂ ಸಾಗಿಸಲು ಆಗಲಿಲ್ಲ. 1871ರ ದೊಡ್ಡ ಬೆಂಕಿಯಲ್ಲಿ ಗುರುತಿಗೆ ನೆಟ್ಟ ಮರದ ಹಲಗೆಗಳು ಸುಟ್ಟುಹೋದವು. ಯಾರು ಎಲ್ಲಿದ್ದಾರೆ ಎಂದೇ ತಿಳಿಯದಾಯಿತು. 1998ರಲ್ಲಿ ಮ್ಯೂಸಿಯಂ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ ಅಗೆದಾಗ 81 ಜನರ ಮೂಳೆ ಸಿಕ್ಕವು. ಹೋಟೆಲ್ ಇಟ್ಟಿದ್ದ ಕೌಚ್ ಮನೆತನದ ಕಲ್ಲಿನ ಗೋರಿ ಮಾತ್ರ ಕಬ್ಬಿಣದ ಬೇಲಿಯೊಳಗೆ ಇನ್ನೂ ನಿಂತಿದೆ. ಅದರ ಮುಂದೆ ಹಾದು ಹೋಗುವಾಗ ಹೆಸರು ಅಳಿಸಿಹೋದವರನ್ನು ನೆನೆದು ಕೈ ಮುಗಿಯುತ್ತೇನೆ. ಅವರು ನನಗೇಕೆ ಕೆಟ್ಟದ್ದು ಮಾಡುತ್ತಾರೆ, ಅಮ್ಮ?

ಪಾರ್ಕಿನೊಳಗೆ ಮೃಗಾಲಯವೂ ಇದೆ. 1868ರಲ್ಲಿ ನ್ಯೂಯಾರ್ಕಿನವರು ಕೊಟ್ಟ ಹಂಸಗಳಿಂದ ಶುರುವಾದದ್ದು. ಇವತ್ತಿಗೂ ಟಿಕೆಟ್ ಇಲ್ಲ, ನಂಬುತ್ತೀಯಾ? ಎಳೆ ಮಕ್ಕಳನ್ನು ಹುಲ್ಲಿನ ಮೇಲೇ ಮಲಗಿಸುತ್ತಾರೆ. ತುಂಬು ಬಸುರಿಯರು ಓಡುತ್ತಾರೆ! ನಾನು ಓಡುವುದಿಲ್ಲ, ಬರೀ ನಡೆಯುತ್ತೇನೆ. ಡಾಕ್ಟರು ನಡೆಯಲೇಬೇಕು ಅಂದಿದ್ದಾರೆ.

ಹೊತ್ತು ಮುಳುಗಿದ ಮೇಲೆ ಹೋಗುವುದಿಲ್ಲ. ಇವರು ಜೊತೆಗೇ ಇರುತ್ತಾರೆ. ಧರ್ಮಸ್ಥಳದ ದಾರ ಕೈಯಲ್ಲೇ ಇದೆ. ಬಿಪಿ, ಸಕ್ಕರೆ ಎಲ್ಲ ಸರಿ ಇದೆ. ಮಗು ಜೋರಾಗಿ ಒದೆಯುತ್ತಿದೆ, ಪಾರ್ಕಿನಲ್ಲಿ ಕೂತರೆ ಇನ್ನೂ ಜಾಸ್ತಿ. ಚೆನ್ನಾಗಿದ್ದೇನೆ ಅಮ್ಮ, ನಿನ್ನಾಣೆಗೂ ಚೆನ್ನಾಗಿದ್ದೇನೆ. ಇದನ್ನೇ ಯೋಚಿಸಿ ಊಟ ಬಿಡಬೇಡ.

ರಮೇಶಣ್ಣ ಏರ್‌ಪೋರ್ಟಿಗೆ ಹೊರಟು ನಿಂತಿದ್ದಾರೆ, ಇವರು ಕೆಳಗಿನಿಂದ ಕೂಗುತ್ತಿದ್ದಾರೆ. ಅಪ್ಪನಿಗೆ ಮಾತ್ರೆ ತಪ್ಪಿಸಬೇಡ. ಪುಟ್ಟಿಯನ್ನು ಬೈಯಬೇಡ.

ಇಂತಿ ನಿನ್ನ
ಸುಮಾ