ದೀಪಸ್ತಂಭದ ಮಸೂರ ಅದರ ಗೋಪುರದಲ್ಲಿಯೇ ಉಳಿಯಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಕಡಲತೀರದ ಹಳೆಯ ದೀಪಸ್ತಂಭವೊಂದನ್ನು ನೋಡಲು ಹೋಗಿದ್ದೆ. ಸುರುಳಿ ಮೆಟ್ಟಿಲು ಹತ್ತಿ ಬಂದವರಲ್ಲಿ ಬಹುತೇಕರು ಕಟಾಂಜನ ಹಿಡಿದು ನಿಂತು ಕಡಲನ್ನು ನೋಡಿ, ಫೋಟೊ ತೆಗೆದುಕೊಂಡು, ಹತ್ತೇ ನಿಮಿಷದಲ್ಲಿ ಇಳಿದುಹೋದರು. ಅಲ್ಲಿಯೇ ದೀಪ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಅಂದು ಸಿಗದಿದ್ದರೆ ನಾನೂ ಹಾಗೆಯೇ ಇಳಿದುಬಿಡುತ್ತಿದ್ದೆ. ಬಾಗಿಲಲ್ಲಿದ್ದ ಫಲಕದಲ್ಲಿ ಕಟ್ಟಿದ ವರ್ಷ ಮತ್ತು ಗೋಪುರದ ಎತ್ತರದ ಹೊರತು ಬೇರೇನೂ ಇರಲಿಲ್ಲ.

ಮೆಟ್ಟಿಲುಗಳ ನಡುವೆ ನೆಲದಿಂದ ತುದಿಯವರೆಗೆ ನಿಂತಿದ್ದ ಕಬ್ಬಿಣದ ಕಂಬವನ್ನು ನಾನು ಆಧಾರಕ್ಕೆ ನಿಲ್ಲಿಸಿದ್ದೆಂದು ತಿಳಿದಿದ್ದೆ. ಅದು ಪೊಳ್ಳು ಕೊಳವೆಯೆಂದೂ, ಅದರೊಳಗೆ ಭಾರವಾದ ತೂಕವೊಂದು ಹಗ್ಗದಲ್ಲಿ ನಿಧಾನವಾಗಿ ಇಳಿಯುತ್ತ ಮೇಲಿನ ಮಸೂರವನ್ನು ಗಡಿಯಾರದಂತೆ ತಿರುಗಿಸುತ್ತಿತ್ತೆಂದೂ, ತೂಕ ಕೆಳಗೆ ಮುಟ್ಟುವ ಮೊದಲೇ ಎದ್ದು ಕೀಲಿ ತಿರುವಿ ಅದನ್ನು ಮತ್ತೆ ಮೇಲೆ ತರಬೇಕಿತ್ತೆಂದೂ ಅವರು ವಿವರಿಸಿದರು. ಹಿಂದಿನ ತಲೆಮಾರಿನ ಪಾಲಕರು ರಾತ್ರಿಯಿಡೀ ಸರದಿಯ ಮೇಲೆ ಈ ಕೆಲಸ ಮಾಡುತ್ತಿದ್ದರು. ಮಸೂರ ತಿರುಗುವ ವೇಗ ಸ್ವಲ್ಪ ತಪ್ಪಿದರೂ ಮಿನುಗಿನ ಗತಿ ತಪ್ಪುತ್ತದೆ. ಪ್ರತಿ ದೀಪಸ್ತಂಭಕ್ಕೂ ಗೊತ್ತುಮಾಡಿದ ಮಿನುಗಿನ ಕ್ರಮವಿದ್ದು, ಕತ್ತಲಲ್ಲಿ ಬರುವ ನಾವಿಕ ಅದನ್ನು ಎಣಿಸಿ, ದೀಪಪಟ್ಟಿಯ ಪುಸ್ತಕದೊಡನೆ ಹೋಲಿಸಿ ತಾನು ಯಾವ ತೀರದ ಮುಂದಿದ್ದೇನೆಂದು ತಿಳಿಯುತ್ತಾನೆ. ಗತಿ ತಪ್ಪಿದ ದೀಪವು ಆರಿದ ದೀಪಕ್ಕಿಂತಲೂ ಅಪಾಯಕಾರಿ ಎಂದು ಆ ಹಿರಿಯರು ಹೇಳಿದ ಮಾತು ನನ್ನಲ್ಲಿ ಇನ್ನೂ ಉಳಿದಿದೆ.

ಆದರೆ ದೀಪದ ಕೋಣೆಗೆ ಹೋದಾಗ ಅಲ್ಲಿ ಮಸೂರವೇ ಇರಲಿಲ್ಲ. ಅದು ನಿಂತಿದ್ದ ಕಬ್ಬಿಣದ ಪೀಠದ ಮೇಲೆ ತಂಬಿಗೆಯಷ್ಟು ದೊಡ್ಡದಾದ ಎಲ್‌ಇಡಿ ದೀಪವೊಂದಿತ್ತು. ಹಳೆಯ ಮಸೂರವನ್ನು ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿ ಒಯ್ದರಂತೆ. ಅದೀಗ ಎಲ್ಲಿದೆ ಎಂಬುದನ್ನು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೆ.

ಅಲ್ಲಿಂದ ಹೋದದ್ದು ಬರಿಯ ಗಾಜಲ್ಲ. ದೀಪದ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ. ಆಕಾಶಕ್ಕೂ ನೆಲಕ್ಕೂ ಹೋದದ್ದೆಲ್ಲ ನಾವಿಕನ ಪಾಲಿಗೆ ನಷ್ಟ. ಹಿಂದೆ ದೀಪದ ಹಿಂದೆ ಹೊಳಪಿನ ಲೋಹದ ಕನ್ನಡಿಗಳನ್ನಿಟ್ಟು ಅದನ್ನು ಒಂದಿಷ್ಟು ಮುಂದಕ್ಕೆ ಕಳಿಸುತ್ತಿದ್ದರು. ಫ್ರಾನ್ಸ್‌ನ ಒಗುಸ್ತ್ಯಾಂ ಫ್ರೆನೆಲ್ ಅವರು ದಪ್ಪ ಮಸೂರವೊಂದರ ಬದಲು ಗಾಜಿನ ಉಂಗುರಗಳನ್ನು ಒಂದರ ಸುತ್ತ ಒಂದರಂತೆ ಜೋಡಿಸಿ, ಪ್ರತಿ ಉಂಗುರವೂ ತನ್ನ ಪಾಲಿನ ಬೆಳಕನ್ನು ಬಗ್ಗಿಸಿ ದಿಗಂತದ ಕಡೆಗೇ ಕಳಿಸುವಂತೆ ಮಾಡಿದರು. ಅಂಥ ಮಸೂರ ಮೊದಲು ಬೆಳಗಿದ್ದು 1823ರಲ್ಲಿ, ಜಿರೊಂದ್ ನದಿಮುಖದ ಕೊರ್ದುವಾನ್ ದೀಪಸ್ತಂಭದಲ್ಲಿ. ನಾಲ್ಕೇ ವರ್ಷಗಳಲ್ಲಿ, 39ನೆಯ ವಯಸ್ಸಿನಲ್ಲಿ ಫ್ರೆನೆಲ್ ತೀರಿಕೊಂಡರು. ಟನ್‌ಗಟ್ಟಲೆ ತೂಗುವ ಇಂಥ ಮಸೂರಗಳನ್ನು ಮುಂದೆ ಪಾದರಸದ ತೊಟ್ಟಿಯಲ್ಲಿ ತೇಲಿಬಿಡಲಾಯಿತು. ಆಗ ಒಂದು ಬೆರಳಿನಿಂದ ತಳ್ಳಿದರೂ ಅವು ತಿರುಗುತ್ತಿದ್ದವು. ಬೆಳಗಾದೊಡನೆ ಕೋಣೆಯ ಪರದೆಗಳನ್ನು ಎಳೆಯುವುದೂ ಪಾಲಕರ ಕೆಲಸವಾಗಿತ್ತು. ಇರುಳಲ್ಲಿ ಬೆಳಕನ್ನು ಹೊರಕ್ಕೆ ಕಳಿಸುವ ಅದೇ ಗಾಜು ಹಗಲಲ್ಲಿ ಬಿಸಿಲನ್ನು ಒಳಕ್ಕೆ ಕೂಡಿಸಿ ಬೆಂಕಿ ಹೊತ್ತಿಸಬಲ್ಲದು.

ಹಳೆಯದನ್ನು ಉಳಿಸುವುದು ಹೇಗೆಂಬುದಕ್ಕೆ ಇಂಗ್ಲೆಂಡಿನ ಎಡಿಸ್ಟೋನ್ ಬಂಡೆಯ ಕಥೆ ಇದೆ. ಅಲ್ಲಿ ಹೆನ್ರಿ ವಿನ್‌ಸ್ಟನ್ಲಿ ಕಟ್ಟಿದ ಗೋಪುರದಲ್ಲಿ 1698ರಲ್ಲಿ ಮೊದಲ ದೀಪ ಉರಿಯಿತು. 1703ರ ಮಹಾಬಿರುಗಾಳಿಯ ರಾತ್ರಿ ಅವರು ಗೋಪುರದಲ್ಲಿಯೇ ಇದ್ದರು. ಗೋಪುರವೂ ಉಳಿಯಲಿಲ್ಲ, ಅವರೂ ಉಳಿಯಲಿಲ್ಲ. ಆಮೇಲೆ ಬಂದ ಮರದ ಗೋಪುರ 1755ರಲ್ಲಿ ಸುಟ್ಟುಹೋಯಿತು. ಮೂರನೆಯದನ್ನು ಜಾನ್ ಸ್ಮೀಟನ್ ಓಕ್ ಮರದ ಬುಡದಂತೆ ಕೆಳಗೆ ಅಗಲವಾಗಿಸಿ, ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕೆತ್ತಿಸಿ, ನೀರಿನಲ್ಲಿಯೂ ಗಟ್ಟಿಯಾಗುವ ಸುಣ್ಣದ ಗಾರೆಯನ್ನು ತಾವೇ ಪರೀಕ್ಷಿಸಿ ಆರಿಸಿಕೊಂಡು 1759ರಲ್ಲಿ ಮುಗಿಸಿದರು. ಅದರಲ್ಲಿ ಉರಿದದ್ದು 24 ಮೇಣದ ಬತ್ತಿಗಳು. ನೂರು ವರ್ಷ ಕಳೆದ ಮೇಲೂ ಗೋಪುರ ಗಟ್ಟಿಯಾಗಿಯೇ ಇತ್ತು. ಸವೆದದ್ದು ಅದರಡಿಯ ಬಂಡೆ. ಹಾಗಾಗಿ 1882ರಲ್ಲಿ ಪಕ್ಕದಲ್ಲಿ ಹೊಸ ಗೋಪುರ ಎದ್ದಿತು. ಜನ ಹಳೆಯದನ್ನು ಕೆಡವಿ ಕಡಲಿಗೆ ಎಸೆಯದೆ, ಮೇಲಿನ ಭಾಗದ ಕಲ್ಲುಗಳನ್ನು ಬಿಚ್ಚಿ ತಂದು ಪ್ಲಿಮತ್‌ನ ದಿಬ್ಬದ ಮೇಲೆ ಮತ್ತೆ ಜೋಡಿಸಿದರು. ಇಂದಿಗೂ ಅದರೊಳಗೆ ಹೋಗಿ ಹತ್ತಬಹುದು. ಬುಡ ಮಾತ್ರ ಬಂಡೆಯ ಮೇಲೆಯೇ ನಿಂತಿದೆ.

ಹೊಸ ದೀಪ ಬೇಡವೆಂದು ನಾನು ವಾದಿಸುತ್ತಿಲ್ಲ. ಕಡಿಮೆ ವಿದ್ಯುತ್ತಿನಲ್ಲಿ ಉರಿಯುವ, ಆಗಾಗ ಬದಲಿಸಬೇಕಾಗದ ದೀಪ ಒಳ್ಳೆಯದೇ. ಪಾದರಸದ ಆವಿ ಅಲ್ಲಿ ದುಡಿಯುವವರ ಆರೋಗ್ಯಕ್ಕೆ ಕೆಡುಕಾದ್ದರಿಂದ ಅದನ್ನು ತೆಗೆದದ್ದೂ ಸರಿ. ಆದರೆ ತೆಗೆದ ಮಸೂರವನ್ನು ಅದೇ ಗೋಪುರದ ಕೆಳಗಿನ ಕೋಣೆಯಲ್ಲಾದರೂ ನಿಲ್ಲಿಸಿ, ನಡುವೆ ಸಣ್ಣದೊಂದು ದೀಪವಿಟ್ಟು ತೋರಿಸಲು ಅಡ್ಡಿಯೇನಿದೆ? ಹಾಗೆ ಕಂಡರೆ ಮಕ್ಕಳಿಗೂ ಒಂದೇ ನೋಟಕ್ಕೆ ಅದರ ಕೆಲಸ ಅರ್ಥವಾಗುತ್ತದೆ. ಬಿರುಗಾಳಿ, ಮಂಜು, ಕೆಟ್ಟ ಯಂತ್ರ, ದಡಕ್ಕೆ ಬಡಿದ ಹಡಗು ಎಲ್ಲವನ್ನೂ ಪಾಲಕರು ಬರೆದಿಟ್ಟ ದಿನಚರಿ ಪುಸ್ತಕಗಳು ಉಳಿದಿದ್ದಲ್ಲಿ ಅವುಗಳ ಕೆಲವು ಪುಟಗಳನ್ನೂ ಗಾಜಿನಡಿ ಇಡಬಹುದು.

ಯಂತ್ರಕ್ಕೆ ಕೈಯಿಂದ ಕೀಲಿ ಕೊಟ್ಟವರಿಂದ ಕೆಲಸ ಕಲಿತ ಕೊನೆಯ ತಲೆಮಾರಿನವರು ಈಗ ವೃದ್ಧರಾಗಿದ್ದಾರೆ. ಅವರನ್ನು ಕರೆಸಿ, ಆ ಮೆಟ್ಟಿಲುಗಳ ಬುಡದಲ್ಲಿಯೇ ಕೂರಿಸಿ, ಅವರ ಮಾತನ್ನು ಧ್ವನಿಮುದ್ರಿಸುವ ಕೆಲಸ ಈ ವರ್ಷವೇ ಆಗಬೇಕೆಂದು ಸಂಬಂಧಪಟ್ಟವರಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ